ಐದು ಅಂಕದ ಪ್ರಶ್ನೆ

ಮೇ ತಿಂಗಳು. ಧಾರವಾಡ. ಮೌಲ್ಯಮಾಪನ ಕೇಂದ್ರದ ಫ್ಯಾನಿಗೆ
ಮೂರು ರೆಕ್ಕೆಯಲ್ಲಿ ಒಂದು ಸಡಿಲ,
ಪ್ರತಿ ಸುತ್ತಿಗೂ ಟಕ್ ಎನ್ನುತ್ತದೆ.
ನಾನು ಅತಿಥಿ ಉಪನ್ಯಾಸಕ. ಪತ್ರಿಕೆಗಿಷ್ಟು ಎಂದು ಕೂಲಿ.
ಊಟದ ಗಂಟೆಯೊಳಗೆ ಇಪ್ಪತ್ತು ಮುಗಿಯಬೇಕು.

ಪ್ರಶ್ನೆ ಹನ್ನೊಂದು:
ಬಾಲ್ಕನ್ ಜನರಲ್ಲಿ ರಾಷ್ಟ್ರಭಾವನೆ ಬೆಳೆಸುವಲ್ಲಿ
ಆರ್ಥೊಡಾಕ್ಸ್ ಚರ್ಚುಗಳ ಪಾತ್ರವೇನು?
ಕೀ ಉತ್ತರದಲ್ಲಿ ಐದು ಅಂಶ, ಅಂಶಕ್ಕೊಂದು ಅಂಕ.
ಹುಡುಗರೆಲ್ಲ ಒಂದೇ ಗೈಡು ಓದಿದ್ದಾರೆ:
ತುರ್ಕರು ಬಂದರು, ಸಿಂಹಾಸನ ಹೋಯಿತು, ಗುಡಿ ಉಳಿಯಿತು,
ಸರ್ಬಿಯದ ಸನ್ಯಾಸಿಗಳು ಸತ್ತ ದೊರೆಗಳನ್ನು
ಸಂತರಾಗಿಸಿ ಗೋಡೆಯ ಮೇಲೆ ಉಳಿಸಿಕೊಂಡರು,
ಬಲ್ಗೇರಿಯದವರು ಗ್ರೀಕ್ ಗುರುಗಳಿಗೆ ಬೆನ್ನು ತಿರುಗಿಸಿ
ತಮ್ಮ ನುಡಿಯ ಪ್ರಾರ್ಥನೆ ಕೇಳಿದರು.
ಟಿಕ್. ಟಿಕ್. ಕೈಬರಹ ಹಲವು, ಬಾಯಿ ಒಂದೇ.

ಹದಿನೇಳನೆಯದು ಬೇರೆ.
ಬಲಕ್ಕೆ ವಾಲಿದ ಅಕ್ಷರ, ನೀಲಿ ಶಾಯಿ,
ಅಲ್ಲಲ್ಲಿ ಗ್ರಂಥದ ಭಾಷೆ ಜಾರಿ ಮನೆಯ ಮಾತು:

‘ಅಲ್ಲಿ ರಾಜ ಇರಲಿಲ್ಲ. ಹಾಗಾದರೆ ಜನರ ಹೆಸರು ಯಾರು ಕಾಯಬೇಕು?
ಯಾರ ಹತ್ತಿರ ಪುಸ್ತಕ ಇತ್ತೋ ಅವರು.
ನಮ್ಮ ಬೆಟಗೇರಿಯಲ್ಲಿ ನನ್ನ ಮುತ್ತಜ್ಜಿಯ ತಾಯಿ ಸಲೋಮವ್ವ
ಮಿಶನ್ ಗುಡಿಗೆ ಸೇರಿದಾಕಿ. ನೇಯುವ ಮಂದಿ.
ಸರಕಾರಿ ಕಾಗದದಾಗ ಆಕಿ ಇಲ್ಲ.
ಆಕಿಯ ಅಪ್ಪ ಮೋಡಿ ಅಕ್ಷರದಾಗ ಇದ್ದಾನಂತ,
ಓದಲಿಕ್ಕೆ ಓಣಿಯೊಳಗ ಯಾರಿಗೂ ಬರೂದಿಲ್ಲ.
ದೀಕ್ಷಾಸ್ನಾನದ ಪುಸ್ತಕದಲ್ಲಿ ಮಾತ್ರ
ದುಂಡು ಕನ್ನಡದಲ್ಲಿ, ಪೂರ್ತಿಯಾಗಿ: ಸಲೋಮವ್ವ.
ಪಾದ್ರಿ ಜರ್ಮನಿಯಿಂದ ಬಂದಿದ್ದ.
ದೇವರು ಅವನಿಗಿಂತ ಮೊದಲೇ ಕನ್ನಡ ಕಲಿತಿದ್ದ ಅಂತ
ನಮ್ಮಜ್ಜಿ ಹೇಳತಾಳ.’

‘ಯಾಕ್ರೀ, ನಿಂತ್ರಿ?’ ಪಕ್ಕದ ಕುಬಿಹಾಳ ಮಾಸ್ತರರು.
‘ಒಂದು ಪೇಪರಿಗೆ ಇಷ್ಟು ಹೊತ್ತು ಕುಂತ್ರ
ಹುಬ್ಬಳ್ಳಿ ಬಸ್ಸು ಸಿಗೂದಿಲ್ಲ ನಿಮಗ.’

ನನಗೇನೋ ನೆನಪಾಗುತ್ತಿತ್ತು.
ಸರ್ಬಿಯದಲ್ಲಿಯೂ ಲೆಕ್ಕದ ಪುಸ್ತಕಕ್ಕೆ ತೆಫ್ತೆರ್ ಅನ್ನುತ್ತಾರಂತೆ.
ನಮ್ಮ ದಫ್ತರವೇ! ಜೇಬಿಗೆ ಜೆಪ್.
ಆ ತುರ್ಕರ ಕುದುರೆ ಈ ಕಡೆ ಬಂದದ್ದಿಲ್ಲ.
ಯಾವುದೋ ಸಂತೆಯಲ್ಲಿ ಕೈಬಿಟ್ಟ ಮಾತು
ಎರಡೂ ದಿಕ್ಕಿಗೆ ನಡೆದು ಹೋಗಿ
ಎರಡೂ ಊರಿನ ಕಾರಕೂನನ ಕಂಕುಳಲ್ಲಿ ಕೂತಿದೆ.

ಪುಟ ತಿರುವಿದೆ.

‘ಆದರೆ ಅದೇ ಪುಸ್ತಕದಲ್ಲಿ, ಅದೇ ಹಾಳೆಯಲ್ಲಿ, ಆಕಿಯ ತಂಗಿ ಲೂದಿಯಾ.
ಆ ಹೆಸರಿನ ಮೇಲೆ ಗೆರಿ ಎಳದಾರ.
ನೂಲಿಗೆ ಬಣ್ಣ ಹಾಕುವ ಹುಸೇನಸಾಬನ ಜೋಡಿ ಹೋದಳು ಅಂತ.
ಇದನ್ನ ಅಜ್ಜಿ ದನಿ ತಗ್ಗಿಸಿ ಹೇಳತಾಳ,
ಗೋಡೆಯಾಚೆ ಈಗಲೂ ಯಾರೋ ಕೇಳತಾರ ಅನ್ನುವಂಗ.
ಬಾಲ್ಕನ್ನಿನಲ್ಲಿಯೂ ಮುಂದೆ ಹೀಗೇ ಆಗಿರಬೇಕು.
ನಮ್ಮವರು ಯಾರು ಅಂತ ಬರೆದ ಪೆನ್ನು
ಅಲ್ಲಿಗೇ ಮುಚ್ಚಿ ಇಡಲಿಕ್ಕೆ ಬರೂದಿಲ್ಲ.
ಇದು ಸಿಲಬಸ್ಸಿನಲ್ಲಿ ಇಲ್ಲ. ತಪ್ಪಿದ್ದರೆ ಕ್ಷಮಿಸಿರಿ.’

ಮೊದಲ ಪುಟಕ್ಕೆ ಮರಳಿದೆ.
ಹೆಸರು ಇರಬೇಕಾದಲ್ಲಿ ಬಾರ್ ಕೋಡು,
ಗಂಡೋ ಹೆಣ್ಣೋ, ಗದಗೋ ಬೆಟಗೇರಿಯೋ,
ಬರೀ ಕಪ್ಪು ಕಡ್ಡಿಗಳು, ಮಗ್ಗದ ಹಾಸಿನ ಹಾಗೆ.

ಕೀ ಪ್ರಕಾರ ಸಿಗುವುದು ಒಂದೋ ಎರಡೋ.
ಎರಡು ಹಾಕಿದೆ.
ಫ್ಯಾನು ಟಕ್ ಎಂದಿತು.
ಹೊರಗೆ ಬೇವಿನ ಮರದಡಿ ಯಾರೋ ಊಟದ ಡಬ್ಬಿ ಬಿಚ್ಚಿದರು,
ಹುರಿದ ಶೇಂಗಾ ಹಿಂಡಿಯ ವಾಸನೆ.

ಎರಡರ ಮೇಲೆ ಗೆರೆ ಎಳೆದು ನಾಲ್ಕು ಮಾಡಿದೆ.
ತಿದ್ದಿದಲ್ಲಿ ಸಹಿ ಬೇಕು, ನಿಯಮ.
ಮಾಡಿದೆ.
ಕೆಂಪು ಗೆರೆ, ಸ್ವಲ್ಪ ಸೊಟ್ಟ.
ಅದರ ಅಡಿಯಲ್ಲಿ ಎರಡು
ಚೆನ್ನಾಗಿಯೇ ಕಾಣುತ್ತಿತ್ತು.